ಸಣ್ಣತಾಯಮ್ಮನ ಮಗ ಕ್ಯಾಮೆರಾ ಕಟ್ಟಿಕೊಂಡು ಓಡಿದ್ದು

ಊರು ಗೊರವನಕೊಪ್ಪಲು. ತಾಯಿ ಸಣ್ಣತಾಯಮ್ಮ, ಸೊಪ್ಪು ಮಾರುವವಳು. ಮಗ ಜವರಾಯಿ, ಇಪ್ಪತ್ತೆರಡರ ಗಟ್ಟಿ ಆಳು. ದೇವರು ಈ ಜವರಾಯಿಗೆ ಕಾಲು ಕೊಡುವಾಗ ಎರಡೂ ಕೈಯಲ್ಲಿ ಬಾಚಿ ಕೊಟ್ಟ, ತಲೆ ಕೊಡುವ ಹೊತ್ತಿಗೆ ಅವನಿಗೆ ಬೇರೆ ಏನೋ ಕೆಲಸ ಬಂತು. ಓಡಿದರೆ ಅಟ್ಟಿಸಿಕೊಂಡು ಬಂದ ನಾಯಿಗೇ ಸುಸ್ತು. ಸೈಕಲ್ ತುಳಿದರೆ ಊರ ಬಸ್ಸು ಹಿಂದೆ. ಆದರೆ ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಾನೆ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಮ್ಮಿ ಇಲ್ಲ.

"ಸೊಪ್ಪಿನ ಬುಟ್ಟಿ ನೋಡ್ತಾ ಕೂತಿರ್ಲಾ, ಎಮ್ಮೆಗಿಮ್ಮೆ ಬಂದಾತು" ಅಂತ ಹೇಳಿ ತಾಯಿ ಒಂದು ದಿನ ನೀರಿಗೆ ಹೋದಳು. ತಿರುಗಿ ಬಂದರೆ ಬುಟ್ಟಿ ಬರಿದು. ಎಮ್ಮೆ ಮೆಲುಕು ಹಾಕುತ್ತಿದೆ. ಮಗ ಕಣ್ಣು ಮಿಟುಕಿಸದೆ ಕೂತಿದ್ದಾನೆ.

"ನೋಡ್ತಾನೇ ಇದ್ದೆ ಕಣವ್ವ. ಮೊದಲು ದಂಟು ತಿಂತು, ಆಮೇಲೆ ಮೆಂತ್ಯ ತಿಂತು. ಸಬ್ಬಸ್ಸಿಗೆ ಮೂಸಿ ಬುಡ್ತು, ಆಮೇಲೆ ಅದ್ನೂ ತಿಂತು."

ಇಂಥವನನ್ನು ಕಟ್ಟಿಕೊಂಡು ಸಣ್ಣತಾಯಮ್ಮ ಹಣೆ ಚಚ್ಚಿಕೊಳ್ಳದ ದಿನವಿಲ್ಲ. ಅವಳಿಗೆ ಇದ್ದದ್ದು ಒಂದೇ ಚಿಂತೆ. ನಾನಿರುವ ತನಕ ಸರಿ, ನಾನು ಹೋದ ಮೇಲೆ ಇವನನ್ನು ಕೆಲಸಕ್ಕೆ ಕರೆಯುವವರು ಯಾರು? ಒಂದು ಕಡೆ, ಒಂದೇ ಒಂದು ಕಡೆ ಇವನು ನಿಂತುಬಿಟ್ಟರೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಅಂತ ಅವಳು ಕಂಡ ದೇವರಿಗೆಲ್ಲ ಹೇಳಿಕೊಂಡಳು. ಕೊನೆಗೆ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಮ್ಮ ಶಿವಮಾದುವಿನ ಹತ್ತಿರ ಹೋದಳು.

"ಮಾದು, ನಿನ್ನ ಅಳಿಯನ್ನ ಅಂಗಡೀಲಿ ಕೂರಿಸ್ಕೊಳಪ್ಪ."

ಶಿವಮಾದು ತಲೆ ಕೆರೆದುಕೊಂಡ. ಅಕ್ಕನಿಗೆ ಇಲ್ಲ ಅನ್ನಲಾರ, ಅಳಿಯನಿಗೆ ಹೂಂ ಅನ್ನಲಾರ. ಗಾಜಿನ ಕಪಾಟಿನಿಂದ ಬೆಂಕಿಪೊಟ್ಟಣದಷ್ಟೇ ಇದ್ದ ಒಂದು ಕಪ್ಪು ಡಬ್ಬಿ ತೆಗೆದ.

"ನೋಡಕ್ಕ, ಇದು ಓಡೋರು, ಸೈಕಲ್ ಹೊಡಿಯೋರು ಮೈಗೆ ಕಟ್ಕೊಳೋ ಕ್ಯಾಮೆರಾ. ದೊಡ್ಡ ಕಂಪನಿದಲ್ಲ, ಅಗ್ಗದ್ದು. ಬಂದೋರೆಲ್ಲ ಇದು ನೆಟ್ಟಗೆ ತೆಗಿತದಾ ಅಂತ ಕೇಳ್ತಾರೆ, ನಂಗೇ ಗೊತ್ತಿಲ್ಲ. ಇವನು ಇದನ್ನ ಕಟ್ಕೊಂಡು ಓಡ್ಲಿ, ಸೈಕಲ್ ಹೊಡೀಲಿ. ಅಂಗಡಿ ಟಿವೀಲಿ ಹಾಕೋ ಅಂಥ ಒಂದು ವಿಡಿಯೋ ತರ್ಲಿ. ತಂದ ದಿನವೇ ಇಲ್ಲಿ ಇವನಿಗೆ ಒಂದು ಸ್ಟೂಲು."

ಸಣ್ಣತಾಯಮ್ಮ ಆ ಸ್ಟೂಲನ್ನು ಕಣ್ತುಂಬ ನೋಡಿ ಮನೆಗೆ ಬಂದಳು.

ಬೆಳಗಾಯಿತು. ಜವರಾಯಿ ಕ್ಯಾಮೆರಾ ಎದೆಗೆ ಕಟ್ಟಿಕೊಂಡು ಹೊರಟ. ತಾಯಿ ತಡೆದಳು.

"ಹೊಸಾ ಸಾಮಾನು, ಪೂಜೆ ಮಾಡದೆ ಹೊಸಿಲು ದಾಟಬ್ಯಾಡ. ಕುಂಕುಮ ಇಟ್ಟು ಹೋಗು."

ಅವಳು ತಪ್ಪೇನೂ ಹೇಳಲಿಲ್ಲ. ಟ್ರಾಕ್ಟರು ತಂದರೂ, ಮಿಕ್ಸಿ ತಂದರೂ ನಮ್ಮಲ್ಲಿ ಮೊದಲು ಕುಂಕುಮ, ಆಮೇಲೆ ಕೆಲಸ. ಜವರಾಯಿ ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹಣೆ ಕಾಣಲಿಲ್ಲ. ಮುಖದ ನಡುವೆ ಗುಂಡಗೆ ಒಂದು ಗಾಜಿತ್ತು. ಅಲ್ಲಿಗೇ ಹೆಬ್ಬೆರಳಲ್ಲಿ ಒತ್ತಿ ಕುಂಕುಮ ಇಟ್ಟ, ಕೈ ಮುಗಿದ, ಕೆರೆ ಏರಿಯ ತುದಿ ಮುಟ್ಟಿ ಓಡಿ ಬಂದ.

ಶಿವಮಾದು ಟಿವಿ ಹಾಕಿದ. ಕೆಂಪು. ಕೆರೆಯೂ ಇಲ್ಲ, ಏರಿಯೂ ಇಲ್ಲ, ಅರ್ಧ ಗಂಟೆ ಬರೀ ಕೆಂಪು. ಅದರ ಹಿಂದೆ ಯಾರೋ ಹುಸ್ಸು ಹುಸ್ಸು ಅಂತ ಏದುಸಿರು ಬಿಡುತ್ತಿದ್ದರು.

"ಗಾಜಿಗೆ ಕುಂಕುಮ ಇಡ್ತಾರೇನ್ಲಾ ಪೆದ್ದ? ಗಾಜಿನ ಮುಂದೆ ಏನೂ ಅಡ್ಡ ಇರಬಾರದು. ಏನೂ."

"ಹಂಗೇ ಆಗ್ಲಿ ಮಾವ. ಏನೂ ಅಡ್ಡ ಇರಕ್ಕಿಲ್ಲ."

ಮಾರನೇ ದಿನ ಸೈಕಲ್ಲಿನ ಸರದಿ. "ನಾಲೆ ಒಳಗೆ ಹಾದು ಬಾ, ನೀರಿಗೂ ತಡೀತದೆ ಅಂತ ಜನ ನೋಡ್ಲಿ" ಅಂತ ಹೇಳಿ ಶಿವಮಾದು ಕ್ಯಾಮೆರಾಕ್ಕೆ ನೀರು ಹೋಗದ ಒಂದು ಗಾಜಿನಂಥ ತಿಳಿ ಡಬ್ಬಿ ತೊಡಿಸಿ ಕಳಿಸಿದ. ಜವರಾಯಿ ನಾಲೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ಯೋಚನೆ ಮಾಡಿದ. ಮಾವ ಏನು ಹೇಳಿದ? ಗಾಜಿನ ಮುಂದೆ ಏನೂ ಅಡ್ಡ ಇರಬಾರದು. ಈ ಡಬ್ಬಿ ಎಲ್ಲಿದೆ? ಗಾಜಿನ ಮುಂದೆ ಅಡ್ಡ ಇದೆ. ಡಬ್ಬಿ ಬಿಚ್ಚಿ ಜೇಬಿಗೆ ಹಾಕಿಕೊಂಡ, ಮೊಣಕಾಲು ಮುಳುಗುವ ನೀರಿಗೆ ಸೈಕಲ್ ಇಳಿಸಿದ, ನಡುವೆ ಪಾಚಿಗೆ ಜಾರಿ ಕ್ಯಾಮೆರಾ ಸಮೇತ ಮುಳುಗಿ ಎದ್ದ.

ಶಿವಮಾದು ಕ್ಯಾಮೆರಾ ಬಗ್ಗಿಸಿದರೆ ಒಂದು ಉದ್ಧರಣೆಯಷ್ಟು ನೀರು ಬಂತು.

"ಡಬ್ಬಿ ಎಲ್ಲೋ?"

"ಜೇಬಲ್ಲಿ ಜ್ವಾಪಾನವಾಗೈತೆ ಮಾವ. ಒಂದು ತೊಟ್ಟು ನೀರು ತಾಗಿಲ್ಲ ನೋಡು."

ಶಿವಮಾದು ಹಲ್ಲು ಕಡಿದು, ಮನೆಯಿಂದ ಅಕ್ಕಿ ತರಿಸಿ, ಕ್ಯಾಮೆರಾವನ್ನು ಅದರೊಳಗೆ ಹೂತ. ಒಂದು ಹಗಲು ಒಂದು ರಾತ್ರಿ ಕಳೆಯಿತು. ಕ್ಯಾಮೆರಾ ಜೀವ ಹಿಡಿಯಿತು. ಅಗ್ಗದ್ದಾದರೂ ಆಯಸ್ಸು ಗಟ್ಟಿ.

"ಕೇಳ್ಲಾ, ಇನ್ಮೇಲೆ ಏನೇ ಒದ್ದೆ ಆಗ್ಲಿ, ನನ್ನ ಕೇಳ್ಬ್ಯಾಡ. ತಕ್ಷಣ ಅಕ್ಕಿಲಿ ಇಡು. ಬೆಳಗಾಗೋ ತನಕ ಅಲ್ಲಾಡಿಸಬ್ಯಾಡ."

"ಹಂಗೇ ಆಗ್ಲಿ ಮಾವ. ಅಕ್ಕಿಲಿ ಇಡ್ತೀನಿ, ಅಲ್ಲಾಡ್ಸಕ್ಕಿಲ್ಲ."

ಮೂರನೇ ಸಲ ಮತ್ತೆ ಓಟ. ಕುಂಕುಮ ಗಾಜಿಗೆ ಬೀಳಲಿಲ್ಲ, ನಾಲೆಯ ಕಡೆ ಕಾಲು ಹೋಗಲಿಲ್ಲ. ಊರು ಬಳಸಿ, ಕಬ್ಬಿನ ಗದ್ದೆ ಬಳಸಿ, ಎರಡು ಸುತ್ತು ಓಡಿದ. ಬಿಸಿಲು ಚುರುಕಾಗಿತ್ತು. ಮನೆ ಮುಟ್ಟುವ ಹೊತ್ತಿಗೆ ಮೈಯೆಲ್ಲ ಬೆವರು, ಅಂಗಿ ಹಿಂಡಿದರೆ ನೀರು. ಜವರಾಯಿ ನಿಂತು ಯೋಚನೆ ಮಾಡಿದ. ಏನೇ ಒದ್ದೆ ಆಗಲಿ ಅಂದಿದ್ದಾನೆ ಮಾವ.

ಸಣ್ಣತಾಯಮ್ಮ ಸೊಪ್ಪು ಮಾರಿ ಬಂದು, ಅಡುಗೆಗೆ ಅಕ್ಕಿ ತೆಗೆಯೋಣ ಅಂತ ಡ್ರಮ್ಮಿನ ಮುಚ್ಚಳ ಎತ್ತಿದಳು. ಒಳಗಿಂದ ಮಗನ ತಲೆ ಅವಳನ್ನೇ ನೋಡಿತು. ಕತ್ತಿನ ತನಕ ಅಕ್ಕಿ.

"ಅಯ್ಯೋ ಶಿವನೇ, ಏನ್ಲಾ ಇದು?"

"ಒದ್ದೆ ಆಗಿದೀನಿ ಕಣವ್ವ. ಮುಟ್ಟಬ್ಯಾಡ. ಬೆಳಗಾಗೋ ತನಕ ಅಲ್ಲಾಡಂಗಿಲ್ಲ."

ಅವಳು ಅತ್ತಳು, ಬೈದಳು, ಅಕ್ಕಿ ಮೂರು ಸಲ ತೊಳೆದಳು. ಎದೆಗೆ ಕಟ್ಟಿದ್ದ ಕ್ಯಾಮೆರಾ ಡ್ರಮ್ಮಿನೊಳಗೂ ಓಡುತ್ತಲೇ ಇತ್ತು. ಆ ವಿಡಿಯೋವನ್ನು ಶಿವಮಾದು ನೋಡಿದ. ಮುಕ್ಕಾಲು ಪಾಲು ಅಕ್ಕಿಯೊಳಗಿನ ಕತ್ತಲು. ಕಾಲು ಪಾಲು ಓಟ. ಓಟದಲ್ಲಿ ಊರು ಕಾಣುತ್ತಿತ್ತು, ನಿಜ. ಆದರೆ ಗುಡಿ ನೆಗೆಯುತ್ತಿತ್ತು, ತೆಂಗಿನ ಮರ ನೆಗೆಯುತ್ತಿತ್ತು, ಕಟ್ಟೆಯ ಮೇಲೆ ಕೂತ ಮುದುಕರೂ ಕೂತಲ್ಲೇ ನೆಗೆಯುತ್ತಿದ್ದರು. ನೋಡುತ್ತಾ ನೋಡುತ್ತಾ ಶಿವಮಾದು ಟಿವಿಯಿಂದ ಮುಖ ತಿರುಗಿಸಿದ.

"ಓಟ ಸಾಕು. ಸೈಕಲ್ ಹೊಡಿ. ಆದ್ರೆ ಕ್ಯಾಮೆರಾ ಒಂದು ಚೂರೂ ಅಲ್ಲಾಡಬಾರದು. ತಿಳೀತಾ?"

"ತಿಳೀತು ಮಾವ. ಅಲ್ಲಾಡಕ್ಕಿಲ್ಲ."

ಅಲ್ಲಾಡಲೂ ಇಲ್ಲ. ಜವರಾಯಿ ಸೈಕಲ್ಲನ್ನು ಬೀದಿಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ಹ್ಯಾಂಡಲ್ಲಿಗೆ ಕ್ಯಾಮೆರಾ ಬಿಗಿದ. ಹತ್ತಿ ಕೂತು ತುಳಿದ ನೋಡಿ. ಹಿಂದಿನ ಚಕ್ರ ಗಾಳಿಯಲ್ಲಿ ಗಿರ್ರೆಂದು ತಿರುಗಿತು. ಒಂದು ಗಂಟೆ ತುಳಿದ. ಹೋಗಿ ಬರುವ ಜನ ನಿಂತು ನೋಡಿದರು. ಎಲ್ಲಿಗೆ ಹೊರಟೆ ಜವರಾಯಿ ಅಂತ ಒಬ್ಬ ಕೇಳಿದ. ಪೇಟೆಗೆ ಅಂದ ಇವನು.

ಟಿವಿಯಲ್ಲಿ ಬಂದದ್ದು ಎದುರು ಮನೆಯ ಗೋಡೆ. ಗೋಡೆಯ ಮೇಲೆ ಸಾಲಾಗಿ ಬೆರಣಿ. ಒಂದು ಹಲ್ಲಿ ಆ ಕಡೆಯಿಂದ ಈ ಕಡೆಗೆ ಹೋಯಿತು, ಅಷ್ಟೆ.

"ಒಂದು ಬೆರಣಿನಾದ್ರೂ ಅಲ್ಲಾಡ್ತಾ ನೋಡು ಮಾವ" ಅಂದ ಜವರಾಯಿ, ಹೆಮ್ಮೆಯಿಂದ.

ಶಿವಮಾದು ಟಿವಿ ಆರಿಸಿದ. ಜೊತೆಗೆ ಬಂದಿದ್ದ ಅಕ್ಕನ ಕಡೆ ತಿರುಗಿದ. "ಇದು ಕೊನೇ ಸಲ ಅಕ್ಕ. ಭಾನುವಾರ ಪೇಟೇಲಿ ಸೈಕಲ್ ರೇಸು. ಇವನನ್ನ ಸೇರಿಸ್ತೀನಿ. ಇದ್ರಲ್ಲೂ ಕೆಡಿಸಿದ್ರೆ ಸ್ಟೂಲು ಬೇರೆಯೋರಿಗೆ. ನನ್ನ ಬೈಬ್ಯಾಡ."

ಅಳಿಯನ ಹೆಗಲ ಮೇಲೆ ಕೈಯಿಟ್ಟ. "ನಿಂಗೆ ಜಾಸ್ತಿ ಹೇಳಕ್ಕಿಲ್ಲ ಕಣ್ಲಾ. ಒಂದೇ ಮಾತು. ಎಲ್ಲರಿಗಿಂತ ಮುಂದೆ ಯಾವನು ಹೋಗ್ತಾನೋ ಅವನ ಬೆನ್ನ ಹಿಂದೆ ಇರು. ಅವನನ್ನ ಬುಡಬ್ಯಾಡ."

"ಬುಡಬ್ಯಾಡ ಕಣಪ್ಪ" ಅಂದಳು ತಾಯಿ.

"ಬುಡಕ್ಕಿಲ್ಲ ಕಣವ್ವ" ಅಂದ ಮಗ.

ಭಾನುವಾರ ಬಂತು. ಪೇಟೆಯ ಕಮಾನಿನಿಂದ ನಾಲೆ ತೂಬಿನ ತನಕ ಹೋಗಿ, ತಿರುಗಿ ಕಮಾನಿಗೆ ಬರಬೇಕು. ಮುಂದೆ ಹೋದವನು ಹಾಲಿನ ಕೆಂಪಣ್ಣ. ದಿನಾ ಎರಡು ಹೊತ್ತು ಸೈಕಲ್ಲಿಗೆ ಕ್ಯಾನು ನೇತು ಹಾಕಿಕೊಂಡು ಆರು ಊರು ಸುತ್ತುವ ಆಸಾಮಿ. ಕ್ಯಾನು ಇಲ್ಲದ ಸೈಕಲ್ಲು ಅವನಿಗೆ ಹತ್ತಿ ಹಗುರ. ಅವನ ಬೆನ್ನಿಗೆ ಜವರಾಯಿ, ಎದೆಯ ಮೇಲೆ ಕ್ಯಾಮೆರಾ. ಅವನು ಬಗ್ಗಿದರೆ ಇವನೂ ಬಗ್ಗಿದ, ಅವನು ಸೀನಿ ನಿಧಾನ ಮಾಡಿದರೆ ಇವನೂ ನಿಧಾನ ಮಾಡಿದ. ಬೇಕಾಗಿದ್ದರೆ ದಾಟಿ ಮೊದಲನೆಯವನಾಗುತ್ತಿದ್ದ. ದಾಟು ಅಂತ ಯಾರೂ ಹೇಳಿರಲಿಲ್ಲ.

ಕಮಾನು ಬಂತು. ಕೆಂಪಣ್ಣ ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿದ. ಜನ ಕೇಕೆ ಹಾಕಿದರು. ಯಾರೋ ಬಂದು ಹಾರ ಹಾಕುವ ತನಕ ಅವನು ಕೈ ಇಳಿಸಲಿಲ್ಲ.

ಇತ್ತ ಶಿವಮಾದು ಅಂಗಡಿ ಬಾಗಿಲಲ್ಲಿ ಕೈಚಾಚಿ ನಿಂತಿದ್ದ, ಅಳಿಯ ಈಗ ಬಂದು ಕ್ಯಾಮೆರಾ ಕೊಡುತ್ತಾನೆ ಅಂತ. ಪಕ್ಕದಲ್ಲಿ ಸಣ್ಣತಾಯಮ್ಮ. ಗಂಟೆ ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಅಳಿಯನೂ ಇಲ್ಲ, ಕ್ಯಾಮೆರಾವೂ ಇಲ್ಲ.

"ಮುಗೀತಕ್ಕ" ಅಂದ ಶಿವಮಾದು. "ನಿನ್ನ ಮಗ ನನ್ನ ಕೈಲಾಗಲ್ಲ."

ಸಣ್ಣತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಊರಿಗೆ ನಡೆದಳು. ದಾರಿಯುದ್ದಕ್ಕೂ ಅವಳಿಗೆ ಏನೂ ಕಾಣಲಿಲ್ಲ.

ಜವರಾಯಿ ಎಲ್ಲಿದ್ದ? ಕೆಂಪಣ್ಣನ ಹಿಂದೆ ಇದ್ದ. ಕೆಂಪಣ್ಣ ಮನೆಗೆ ಹೋದ, ಇವನೂ ಹೋದ. ಕೆಂಪಣ್ಣ ಉಂಡ, ಇವನು ಬಾಗಿಲಲ್ಲಿ ನಿಂತ. ಅವನ ಹೆಂಡತಿ ಕರೆದು ಬಡಿಸಿದರೆ ಕೆಂಪಣ್ಣನ ಬೆನ್ನು ನೋಡುತ್ತಲೇ ಉಂಡ.

"ಯಾಕಯ್ಯ ನನ್ನ ಬೆನ್ನು ಹತ್ತಿದೀಯ?"

"ಬುಡಬ್ಯಾಡ ಅಂದವ್ರೆ."

ಸಂಜೆ ಹಾಲಿನ ಹೊತ್ತಾಯಿತು. ಕೆಂಪಣ್ಣ ಲೆಕ್ಕಾಚಾರದ ಮನುಷ್ಯ. ಹೆಂಗೂ ಬರುತ್ತಾನಲ್ಲ ಅಂತ ಇವನ ಸೈಕಲ್ಲಿಗೂ ಎರಡು ಕ್ಯಾನು ನೇತು ಹಾಕಿದ. "ನಾನು ಹೋದಂಗೇ ಬಾ" ಅಂದ. ಕೆಂಪಣ್ಣ ಹಳ್ಳ ತಪ್ಪಿಸಿದ ಕಡೆ ಇವನೂ ತಪ್ಪಿಸಿದ, ಕೆಂಪಣ್ಣ ಇಳಿದು ತಳ್ಳಿದ ಕಡೆ ಇವನೂ ತಳ್ಳಿದ. ಆರು ಊರು ಸುತ್ತಿದರೂ ಒಂದು ತೊಟ್ಟು ಹಾಲು ತುಳುಕಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೆಂಪಣ್ಣ ಸಣ್ಣತಾಯಮ್ಮನ ಬಾಗಿಲಿಗೆ ಬಂದ. ಬೆನ್ನ ಹಿಂದೆ ಜವರಾಯಿ.

"ತಾಯವ್ವ, ನಾಲ್ಕು ವರ್ಷದಿಂದ ಆಳು ಹುಡುಕ್ತಾ ಇವ್ನಿ. ಬಂದೋರೆಲ್ಲ ನನಗಿಂತ ಬುದ್ಧಿವಂತರು. ಅಡ್ಡದಾರಿ ಹಿಡೀತಾರೆ, ಹಾಲಿಗೆ ನೀರು ಬೆರೆಸ್ತಾರೆ. ನಿನ್ನ ಮಗ ಹೇಳಿದ್ದು ಬಿಟ್ಟು ಬೇರೆ ಮಾಡಕ್ಕಿಲ್ಲ. ನಂಗೆ ಕೊಡವ್ವ."

ಇಪ್ಪತ್ತೆರಡು ವರ್ಷದಲ್ಲಿ ಅವಳ ಮಗನನ್ನು ಯಾರೂ ಬೇಕು ಅಂತ ಕೇಳಿರಲಿಲ್ಲ. ಸಣ್ಣತಾಯಮ್ಮ ಅಲ್ಲೇ ಹೊಸಿಲ ಮೇಲೆ ಕೂತು ಗಳಗಳ ಅತ್ತಳು. ಆ ಅಳು ಸಂತೋಷದ್ದು ಅಂತ ನಾನು ಬೇರೆ ಹೇಳಬೇಕೆ?

ಕ್ಯಾಮೆರಾ ಮಾರನೇ ದಿನ ಶಿವಮಾದುವಿಗೆ ಸೇರಿತು. ಹಾರ ಬೀಳುವ ತನಕ ಎಲ್ಲ ಕನ್ನಡಿಯ ಹಾಗೆ ಬಂದಿತ್ತು. ಅಲ್ಲಿಗೆ ಬ್ಯಾಟರಿ ಮುಗಿದಿತ್ತು. ಅಂಗಡಿ ಟಿವಿಯ ಮುಂದೆ ಜನವೋ ಜನ. ಶಿವಮಾದು ಓಡಿ ಬಂದ.

"ಅಕ್ಕ, ಅಳಿಯನ್ನ ಕಳಿಸು, ಸ್ಟೂಲು ಒರೆಸಿ ಇಟ್ಟಿವ್ನಿ."

"ನೀನೇ ಕೂತ್ಕೊಳಪ್ಪ ಅದ್ರ ಮೇಲೆ" ಅಂದಳು ಸಣ್ಣತಾಯಮ್ಮ. "ನನ್ನ ಮಗನಿಗೆ ಕೂರಕ್ಕೆ ಪುರುಸೊತ್ತಿಲ್ಲ."

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಹದಿನೈದು ದಿನವಾದ ಮೇಲೆ ಕೆಂಪಣ್ಣ ಮಗಳ ಊರಿಗೆ ಹೊರಡಬೇಕಾಯಿತು.

"ನಾಳೆ ಬೆಳಿಗ್ಗೆ ನೀನೊಬ್ಬನೇ ಕಣಯ್ಯ. ಭಯ ಪಡಬ್ಯಾಡ. ನಾನು ಹೆಂಗೆ ಸೈಕಲ್ ಹೊಡೀತೀನಿ ಅನ್ನೋದು ನಿಮ್ಮ ಮಾವನ ಟಿವೀಲೇ ಐತೆ. ಹೋಗಿ ನೋಡ್ಕೊ. ಅದ್ರಲ್ಲಿ ಮಾಡಿದಂಗೇ ಮಾಡು, ಒಂದೂ ಬುಡಬ್ಯಾಡ."

ಜವರಾಯಿ ಹೋಗಿ ಒಂಬತ್ತು ಸಲ ನೋಡಿದ.

ಬೆಳಿಗ್ಗೆ ಸಣ್ಣತಾಯಮ್ಮ ಚೊಂಬು ಹಿಡಿದು ಊರ ಕಮಾನಿನ ಹತ್ತಿರವೇ ಬಂದು ನಿಂತಳು. ಮಗ ಒಬ್ಬನೇ ಹಾಲು ತರುವುದನ್ನು ಕಣ್ಣಾರೆ ನೋಡಬೇಕಿತ್ತು ಅವಳಿಗೆ. ಕೆಂಪಣ್ಣನೂ ಕೈಚೀಲ ಹಿಡಿದು ಅಲ್ಲೇ ಬಸ್ಸಿಗೆ ಕಾಯುತ್ತಿದ್ದ. ದೂರದಲ್ಲಿ ಜವರಾಯಿ ಕಂಡ. ಎರಡೂ ಕಡೆ ತುಂಬಿದ ಕ್ಯಾನು. ಬೆನ್ನು ಬಗ್ಗಿಸಿದ್ದಾನೆ, ತಲೆ ತಗ್ಗಿಸಿದ್ದಾನೆ, ಥೇಟ್ ಕೆಂಪಣ್ಣ.

ಕಮಾನು ಬಂತು. ಜವರಾಯಿ ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿದ.

ಸೈಕಲ್ ಎಡಕ್ಕೆ ಹೋಯಿತು, ಕ್ಯಾನು ಬಲಕ್ಕೆ ಹೋಯಿತು, ಹಾಲು ಎಲ್ಲಾ ಕಡೆಗೂ ಹೋಯಿತು. ಊರ ನಾಯಿಗಳಿಗೆ ಆವತ್ತು ಹಬ್ಬ. ಹಾಲಿನ ಮಡುವಿನಿಂದ ಜವರಾಯಿ ಎದ್ದು ನಿಂತ. ಎತ್ತಿದ ಕೈ ಇನ್ನೂ ಎತ್ತಿಯೇ ಇತ್ತು. ಎಲ್ಲರೂ ಕೆಂಪಣ್ಣನ ಮುಖ ನೋಡಿದರು. ಕೆಂಪಣ್ಣ ಕೈಚೀಲ ಕೆಳಗಿಟ್ಟ, ಹಾಲು ನೋಡಿದ, ತನ್ನ ತಲೆಗೆ ತಾನೇ ಒಂದು ಕುಟ್ಟಿಕೊಂಡ.

"ಬೈಬ್ಯಾಡಿ ಅವನ್ನ. ಹೇಳಿದೋನು ನಾನು. ಸಂಜೆ ಹಾಲಿಗೆ ನಾನೇ ಜೊತೇಲಿರ್ತೀನಿ."

"ಯಾರಾದ್ರೂ ಹಾರ ಹಾಕ್ರಪ್ಪ" ಅಂದ ಜವರಾಯಿ. "ಕೈ ನೋಯ್ತಾವೆ."

ಸಣ್ಣತಾಯಮ್ಮ ಬುದ್ಧಿ ಹೇಳಲು ಬಾಯಿ ತೆರೆದಳು. ಹೇಳಿದ ಬುದ್ಧಿಯೆಲ್ಲ ಏನೇನಾಗಿ ಬಂತು ಅಂತ ನೆನಪಾಗಿ ಬಾಯಿ ಮುಚ್ಚಿದಳು. ಕಮಾನಿಗೆ ಕಟ್ಟಿದ್ದ ಒಣಗಿದ ಮಾವಿನ ತೋರಣ ಕಿತ್ತು ತಂದು ಮಗನ ಕೊರಳಿಗೆ ಹಾಕಿದಳು. ಆಗ ಅವನ ಕೈ ಇಳಿಯಿತು.

"ಅವ್ವ, ಟಿವೀಲಿ ಇಲ್ಲಿಗೆ ನಿಂತೋಯ್ತದೆ ಅದು. ಆಮೇಲೇನು ಮಾಡ್ಬೇಕು ಅಂತ ಅದ್ರಲ್ಲಿಲ್ಲ."

"ಆಮೇಲೆ ಮನೆಗೆ ಬಂದು ಉಣ್ಣೋದು ಕಣಪ್ಪ" ಅಂದಳು ತಾಯಿ, ನಗು ತಡೆಯಲಾರದೆ.

ಮಗ ಮನೆಗೆ ಹೋಗಿ ಉಣ್ಣಲು ಕೂತ. ಮುದ್ದೆ ಮುಗಿಸಿದ, ಅನ್ನ ಮುಗಿಸಿದ, ತಾಯಿಯ ಪಾಲನ್ನೂ ಮುಗಿಸಿದ, ಪಕ್ಕದ ಮನೆಯವರು ತಂದದ್ದನ್ನೂ ಮುಗಿಸಿದ. ಉಣ್ಣು ಅಂದವಳು ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಳುವುದನ್ನೇ ಮರೆತಿದ್ದಳು.