ಮುಂದಿದ್ದ ಕಿಟಕಿ

"ಒಂದು ಸಲ ಹೆಸರು ಹಿಡಿದು ಕರೀರಿ," ಅಂದಳು ಹೆಂಡತಿ. ಅದೇ ಅವಳ ಕೊನೆಯ ಮಾತು.

ಗುರುಶಾಂತಪ್ಪನಿಗೆ ನಾಚಿಕೆ ಬಂತು. ಹಾಸಿಗೆಯ ಸುತ್ತ ಮಂದಿ ಕೂತಿದ್ದರು. ಅಷ್ಟು ಮಂದಿಯ ಮುಂದೆ ಹೆಂಡತಿಯ ಹೆಸರು ಹೇಳುವುದು ಹೇಗೆ? ನಲವತ್ತು ವರ್ಷ "ಇಲ್ನೋಡು" ಅಂತಲೇ ಕರೆದಿದ್ದ. ಆಗಲೂ "ಇಲ್ನೋಡು" ಅಂದ.

ಅವಳು ನೋಡಲಿಲ್ಲ.

ಅವನು ಮಗ್ಗ ಬಿಟ್ಟು ಹೊಳೆದಂಡೆಯ ಮಠ ಸೇರಿದ. ಓದಿದ್ದು ನಾಲ್ಕನೇ ಇಯತ್ತೆ.

ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು, ಕಂಪ್ಯೂಟರ್ ನಡೆಸುವ ಲಿನಕ್ಸ್ ಬಲ್ಲವರು. ಅವರ ಕಂಪ್ಯೂಟರಿನಲ್ಲಿ ಒಂಬೈನೂರು ತಾಳೆಗರಿಗಳ ಫೋಟೋ ಇದ್ದವು. ಒಂದೊಂದೇ ಗರಿ ತೆರೆಯಬೇಕು, ತಿಳಿ ಮಾಡಬೇಕು, ನಂಬರು ಹಾಕಬೇಕು, ಉಳಿಸಿ ಮುಚ್ಚಬೇಕು. ಗುರುಶಾಂತಪ್ಪ ಮೌಸು ಹಿಡಿದು ಕೂತ. ಮಗ್ಗದ ಲಾಳಿ ಎಸೆದ ಕೈ. ದಿನಕ್ಕೆ ಮೂವತ್ತು ಗರಿ ಮಾಡಿದ.

ಒಂದು ದಿನ ಅಜ್ಜಾರು ಬಂದು ಮೌಸನ್ನು ವಯರು ಸಮೇತ ಕಿತ್ತು ಜೋಳಿಗೆಗೆ ಹಾಕಿಕೊಂಡರು.

"ಅಜ್ಜಾರ, ಇನ್ನ ಹೆಂಗ ಮಾಡ್ಲಿ?"

"ಹೇಳಿ ಮಾಡಿಸು."

"ಇದಕ್ಕ ಕಿವಿ ಎಲ್ಲೈತ್ರಿ?"

ಅಜ್ಜಾರು ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದರು. ಅದರಲ್ಲಿ ಸಣ್ಣ ಗೆರೆಯೊಂದು ಮಿಣುಕುತ್ತಿತ್ತು.

"ಇದೇ ಕಿವಿ. ಇಲ್ಲಿ ಬರೆದದ್ದನ್ನ ಉಳಿದ ಕಿಟಕಿ ಎಲ್ಲಾ ಕೇಳ್ತಾವ."

ಕಲಿಯಲು ಆರು ತಿಂಗಳು ಹಿಡಿಯಿತು. ಒಂದು ಸಾಲು ಬರೆದರೆ ಗರಿ ತೆರೆಯಿತು. ಇನ್ನೊಂದಕ್ಕೆ ಪಕ್ಕಕ್ಕೆ ಸರಿಯಿತು. ಮತ್ತೊಂದಕ್ಕೆ ಮುಚ್ಚಿತು. ಅಷ್ಟೂ ಸಾಲನ್ನು ಒಂದೇ ಕಡತದಲ್ಲಿ ಹೆಣೆದ. ಈಗ ಕೈಕಟ್ಟಿ ಕೂತರೂ ಕೆಲಸ ನಡೆಯಿತು.

"ನೋಡ್ರಿ ಅಜ್ಜಾರ. ಮಗ್ಗ ತಾನೇ ನೇಯಾಕ ಹತ್ತೈತಿ."

ಅಜ್ಜಾರು ನಕ್ಕರು. ಜೋಳಿಗೆಯಿಂದ ಮೌಸು ತೆಗೆದು ಸಿಕ್ಕಿಸಿದರು. ಕೆಲಸ ನಡೆಯುತ್ತಿದ್ದಂತೆಯೇ ತಮ್ಮ ಪ್ರವಚನದ ಬರಹವನ್ನು ತೆರೆದರು. ಅದು ಎಲ್ಲದರ ಮುಂದೆ ಬಂದು ನಿಂತಿತು.

ಗರಿಗೆ ಹಾಕಬೇಕಾದ ನಂಬರುಗಳು ಪ್ರವಚನದ ನಡುವೆ ಹೋಗಿ ಬಿದ್ದವು. ಬರಹ ಆ ನಂಬರುಗಳ ಸಮೇತ ಉಳಿಯಿತು. ಹಾಗೇ ಮುಚ್ಚಿತು.

ಗುರುಶಾಂತಪ್ಪ ಪರದೆಯ ಹತ್ತಿರಕ್ಕೆ ಬಾಗಿದ. "ಅದು ಅಲ್ಲಿಗ್ಯಾಕ ಹೋತ್ರಿ?"

"ನೀ ಏನಂತ ಹೇಳಿದ್ದಿ?"

"ಮುಂದಿದ್ದ ಕಿಟಕಿಗೆ ನಂಬರ ಹಾಕು, ಮುಚ್ಚು ಅಂತ. ಹೆಸರು ಹೇಳಿಲ್ರಿ. ಎದುರಿಗೇ ಇತ್ತಲ್ಲ."

"ಮಠದಾಗ ಎಲ್ಲಾರಿಗೂ 'ಇಲ್ನೋಡ್ರಿ' ಅಂತೀ. ಮನ್ಯಾಗೂ ಹಂಗೇ ಏನು?"

"ಹೂಂನ್ರಿ. ಹೆಂಡ್ತೀನ ಕರದ್ರ ಒಮ್ಮೊಮ್ಮೆ ಸೊಸಿ ಬರಾಕಿ. ಒಮ್ಮೆ ಬಾಜೂ ಮನಿಯಾಕಿ ಬಂದು ಬೈದು ಹೋದ್ಲು." ನಗಲು ಹೋದ. ಆಗಲಿಲ್ಲ. "ಕಡೀಕ ಹೆಸರು ಹಿಡಿದು ಕರೀರಿ ಅಂದ್ಲು. ನಾ ಕರೀಲಿಲ್ಲ."

ಅಜ್ಜಾರು ಮೌಸನ್ನು ಮತ್ತೆ ಜೋಳಿಗೆಗೆ ಹಾಕಿಕೊಂಡರು.

"ತಿದ್ದು. ನಾಳೆ ಮುಂಜಾನೆ ಎಲ್ಲಾರ ಮುಂದ ನಡೆಸು."

ಅವನು ಸಂಜೆಯವರೆಗೆ ಕೂತು ತಿದ್ದಿದ. ಯಾವ ಸಾಲು ಯಾವ ಕಿಟಕಿಗೋ, ಅದರ ಹೆಸರನ್ನೇ ಬರೆದ. ಕಡೆಗೆ ಕಡತಕ್ಕೂ ಹೊಸ ಹೆಸರಿಟ್ಟ; ಕಪ್ಪು ಕಿಟಕಿಯಲ್ಲಿ ಆ ಹೆಸರು ಬರೆದರೆ ಕೆಲಸ ಶುರುವಾಗಬೇಕು.

ಮುಂಜಾನೆ ಮಠದ ಮಂದಿಯೆಲ್ಲ ಬಂದು ಕೂತರು. ಅಜ್ಜಾರು ತಮ್ಮ ಪ್ರವಚನವನ್ನು ಮತ್ತೆ ಎಲ್ಲದರ ಮುಂದೆ ತೆರೆದಿಟ್ಟು, ಬಾಗಿಲ ಬಳಿ ಹೊಳೆ ನೋಡುತ್ತ ನಿಂತರು.

ಗುರುಶಾಂತಪ್ಪ ಒಂದೊಂದೇ ಅಕ್ಷರ ಒತ್ತಿದ. ಒತ್ತಿದ್ದನ್ನು ಬಾಯಿಬಿಟ್ಟು ಓದಿದ.

"ದಾನವ್ವ."

ಗರಿಗಳು ತೆರೆದವು, ನಂಬರು ಹೊತ್ತವು, ಮುಚ್ಚಿದವು. ಒಂದಾದ ಮೇಲೊಂದು. ಪ್ರವಚನದ ಒಂದಕ್ಷರವೂ ಅಲುಗಲಿಲ್ಲ.

"ದಾನವ್ವ ಅಂದ್ರ ಯಾರ್ರೀ?" ಅಂತ ಅಡುಗೆಯ ಚನವೀರಯ್ಯ ಕೇಳಿದ.

ಗುರುಶಾಂತಪ್ಪ ಎದ್ದು ನಿಂತ. ತಲೆ ತಗ್ಗಿಸಲಿಲ್ಲ.

"ನನ್ನ ಹೆಂಡ್ತಿ."

ಅಜ್ಜಾರು ಹೊಳೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಇನ್ನೊಮ್ಮೆ ಕರಿ. ಆಚೆ ದಂಡಿಗೆ ಕೇಳಿಸಿಲ್ಲ."