ನಾನೂರಕ್ಕೆ ನಾನೂರು

ಏಳುಕೊಪ್ಪದ ದೊರೆ ಗಂಡರಸನಿಗೆ ಹಳೆಯದೆಂದರೆ ಆಗದು. ಅರಮನೆಯ ಕಂಪ್ಯೂಟರುಗಳಿಗೆ ಹೊಸ ಕಂಪೈಲರ್ ಬಂದಿದೆ ಎಂದು ಯಾರೋ ಕಿವಿಯಲ್ಲಿ ಊದಿದ್ದೇ ತಡ, ಅಪ್ಪಣೆಯಾಯಿತು: ಇನ್ನು ಮೇಲೆ ಅದೇ. ಇರುವ ಎಂಟುನೂರು ಪ್ಯಾಕೇಜುಗಳನ್ನೂ, ಎಂದರೆ ತಂತ್ರಾಂಶದ ಕಟ್ಟುಗಳನ್ನೂ, ಅದರಲ್ಲೇ ಮತ್ತೆ ಕಟ್ಟಬೇಕು. ಎಂಟು ದಿನದಲ್ಲಿ. ಒಂದೂ ಕೆಡಬಾರದು.

ಕಂಪೈಲರ್ ಎಂದರೆ ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಸಾಧನ ಎಂಬುದು ದೊರೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅಪ್ಪಣೆ ಬದಲಾಗುತ್ತಿರಲಿಲ್ಲ.

ಅರ್ಧ ಕೆಲಸ ಮಂತ್ರಿ ಸೋವರಸನ ಪಾಲಿಗೆ ಬಂತು. ಉಳಿದರ್ಧ, ಇಪ್ಪತ್ತು ವರ್ಷದಿಂದ ಅದೇ ಕೆಲಸದಲ್ಲಿ ಕನ್ನಡಕ ದಪ್ಪವಾಗಿಸಿಕೊಂಡ ಮಾಚಲೆಗೆ.

ಒಂಬತ್ತನೆಯ ದಿನ ಸಭೆ ಸೇರಿತು. ಸೋವರಸ ಎದೆಯುಬ್ಬಿಸಿ ನಾನೂರಕ್ಕೆ ನಾನೂರೂ ಆಯಿತೆಂದ. ಮಾಚಲೆ ಮುನ್ನೂರ ಎಂಬತ್ತೊಂಬತ್ತು ಎಂದಳು. ಹನ್ನೊಂದು ಕೆಟ್ಟಿವೆ, ಹಳೆಯ ಕಂಪೈಲರ್ ನೋಡಿಯೂ ನೋಡದಂತೆ ಬಿಟ್ಟಿದ್ದ ತಪ್ಪುಗಳನ್ನು ಹೊಸದು ಹಿಡಿದಿದೆ, ತಿದ್ದಲು ಒಂದು ತಿಂಗಳು ಬೇಕು ಎಂದಳು.

ನಾಳೆಯಿಂದ ಬರಬೇಡ ಎಂದ ದೊರೆ.

ಕಂಬಕ್ಕೊರಗಿದ್ದ ಆಸ್ಥಾನದ ಮಾತುಗಾರ ಬೊಪ್ಪಣ್ಣನಿಗೆ ಸಂಕಟವಾಯಿತು. ಎಂಟು ದಿನವೂ ಅವನು ಮಂತ್ರಿಯ ಕೋಣೆಯ ಮುಂದೆ ಹಾದುಹೋಗಿದ್ದ. ಒಳಗಿನಿಂದ ಚೌಕಾಬಾರದ ಕವಡೆ ಸದ್ದು ಬಿಟ್ಟು ಬೇರೇನೂ ಕೇಳಿರಲಿಲ್ಲ. ಆದರೆ ಮಂತ್ರಿ ದೊರೆಯ ಭಾವಮೈದುನ. ಸುಳ್ಳುಗಾರ ಎಂದರೆ ಮಾಚಲೆಯ ಹಿಂದೆಯೇ ತಾನೂ ಗಂಟುಮೂಟೆ ಕಟ್ಟಬೇಕು.

"ಮಂತ್ರಿಗಳೇ, ಆ ನಾನೂರರಲ್ಲಿ ಬೆಳ್ಳಿಗೆಜ್ಜೆಯೂ ಸೇರಿತೇ? ಆ ಪ್ಯಾಕೇಜು ಬಲು ತಂಟೆಯದಂತೆ."

"ಏನಯ್ಯಾ ಹೀಗೆ ಕೇಳುತ್ತೀ? ಮೊದಲು ಕಟ್ಟಿದ್ದೇ ಅದನ್ನು. ಎರಡು ದಿನ ಸತಾಯಿಸಿತು. ಕೊನೆಗೆ ನಾನೇ ಕೂತೆ, ಬಗ್ಗಿತು."

"ಈಗ ಹೇಗಿದೆ?"

"ಮೊದಲಿನ ಎರಡು ಪಟ್ಟು ಚುರುಕು."

ಬೊಪ್ಪಣ್ಣ ಸಭೆಯ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ದೊರೆ ಮೀಸೆ ತಿರುವಿದ.

"ಹೌದು. ನಾವೂ ಬೆಳಿಗ್ಗೆ ಅದನ್ನು ಬಳಸಿದೆವು. ವ್ಯತ್ಯಾಸ ಗೊತ್ತಾಗುತ್ತದೆ."

ಸಭೆಯೆಲ್ಲ ತಲೆಯಾಡಿಸಿತು. ಬೊಪ್ಪಣ್ಣ ಇಲಿಗೆಂದು ಇಟ್ಟ ಬೋನಿನಲ್ಲಿ ಆನೆಯೂ ಬಂದು ಕೂತಿತ್ತು.

ಅವನು ಕೈಮುಗಿದ. "ಹಾಗಾದರೆ ಪ್ರಭು, ಅದನ್ನು ಬರೆದವನಿಗೆ ಏನಾದರೂ ಬಹುಮಾನ ಕೊಡಬೇಕು."

"ಕೊಡೋಣ. ಯಾರವನು?"

"ನಾನೇ."

"ನೀನೇ? ಯಾವಾಗ ಬರೆದೆ?"

"ಇನ್ನೂ ಬರೆದಿಲ್ಲ ಪ್ರಭು. ಹೆಸರು ಈಗ ತಾನೇ ಹೊಳೆಯಿತು."

ಮಂತ್ರಿ ಚಾವಣಿಯ ಚಿತ್ತಾರ ನೋಡತೊಡಗಿದ. ದೊರೆ ಮೀಸೆಯಿಂದ ಕೈ ತೆಗೆದ. ಏನು ಬೇಕು ಎಂದು ಮೆಲ್ಲಗೆ ಕೇಳಿದ.

"ಮಾಚಲೆ ಇರಲಿ. ನಾನು ಬರೆದರೆ ಅದು ಕೆಟ್ಟೇ ಇರುತ್ತದೆ ಪ್ರಭು. ಕೆಟ್ಟಿದೆ ಎನ್ನುವವರು ಅರಮನೆಯಲ್ಲಿ ಒಬ್ಬರಾದರೂ ಬೇಕಲ್ಲ."

ದೊರೆ ನಕ್ಕುಬಿಟ್ಟ, ಬೇರೆ ದಾರಿಯಿರಲಿಲ್ಲ. ಮಾಚಲೆಯ ಕೆಲಸ ಉಳಿಯಿತು. ಕೇಳಿದ್ದು ಒಂದು ತಿಂಗಳು, ಸಿಕ್ಕಿದ್ದು ಎರಡು. ಮಂತ್ರಿಯ ನಾನೂರನ್ನೂ ಇನ್ನು ಅವಳೇ ಕಟ್ಟಬೇಕಿತ್ತು.