ಕಂಬಳಿ ತೆಗೆದು ಕಟ್ಟಿದ ಕೈ

ಈ ಕಥೆ ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಯಾರಾದರೂ ಫೋನು ಮುಖದ ಮುಂದೆ ಹಿಡಿದುಕೊಂಡು ಬಂದರೆ ಹೇಳದೆ ಇರಲಿಕ್ಕೆ ಆಗುವುದಿಲ್ಲ. ಕೂತುಕೊಳ್ಳಿ, ಬೇಗ ಮುಗಿಸುತ್ತೇನೆ.

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ರಾಚಯ್ಯಜ್ಜ ಎಂಬ ಗುರುಗಳಿದ್ದರು. ಮುರಿದ ಎಲುಬು ಕೂಡಿಸಿ ಕಟ್ಟುವುದು ಅವರ ವಿದ್ಯೆ. ಅಡಿವೆಪ್ಪ ಅಂತ ಒಬ್ಬನೇ ಶಿಷ್ಯ. ಹನ್ನೊಂದು ವರ್ಷ ಅವರ ಹತ್ತಿರ ಕಲಿತವನು.

ಆ ಮಠದಲ್ಲೊಂದು ಪದ್ಧತಿ. ಮುರಿದ ಕೈಯೋ ಕಾಲೋ, ಅದರ ಮೇಲೆ ಕಂಬಳಿ ಹೊದಿಸಬೇಕು. ಕಟ್ಟುವವನು ಎರಡೂ ಕೈ ಕಂಬಳಿಯೊಳಗೆ ಹಾಕಿ, ಕಣ್ಣು ಮುಚ್ಚಿ, ಎಲುಬು ಕೂಡಿಸಬೇಕು. ಎಲುಬು ಕೂತ ಮೇಲೆಯೇ ಕಂಬಳಿ ಸರಿಸಿ, ಬಿದಿರ ದಬ್ಬೆ ಇಟ್ಟು, ಉದ್ದಿನ ಹಿಟ್ಟು ಬಳಿದ ಬಟ್ಟೆ ಸುತ್ತುವುದು.

ಬಂದ ಹೊಸತರಲ್ಲೇ ಅಡಿವೆಪ್ಪ ಕೇಳಿದ್ದ, “ಕಂಬಳಿ ಯಾಕ್ರಿ ಅಜ್ಜಾರ?”

“ಚರ್ಮ ನೆಟ್ಟಗ ಕಾಣ್ತೈತಿ, ಒಳಗ ಎಲುಬು ಸೊಟ್ಟ ಇರ್ತೈತಿ. ಕಣ್ಣು ಚರ್ಮದ ಮಾತು ನಂಬತೈತಪಾ. ಬೆರಳು ನಂಬಂಗಿಲ್ಲ.”

ಶಿಷ್ಯ ತಲೆಯಾಡಿಸಿದ. ಹನ್ನೊಂದು ವರ್ಷ ಹಾಗೆಯೇ ಕಟ್ಟಿದ.

ಒಂದು ದಿನ ಪೇಟೆಯಿಂದ ಬಂದವನೊಬ್ಬ ಅಡಿವೆಪ್ಪ ಕಾಲು ಕಟ್ಟುವುದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಬಿಟ್ಟ. ನೋಡಿದವರು ಕೆಳಗೆ ಬರೆದರು: ಕಂಬಳಿ ಯಾಕೆ? ಒಳಗೆ ಏನು ಮೋಸ ನಡೆದಿದೆ?

ಆ ಮಾತು ಅಡಿವೆಪ್ಪನ ಎದೆಗೆ ನಾಟಿತು. ತಪ್ಪಿಲ್ಲ ಬಿಡಿ, ಯಾರಿಗಾದರೂ ನಾಟುತ್ತದೆ.

ಮುಂದಿನ ವಾರ ದುಂಡವ್ವ ಬಂದಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಒದ್ದೆ ಕಲ್ಲಿನ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದಿತ್ತು. ಅಜ್ಜ ಜ್ವರ ಬಂದು ಒಳಗೆ ಮಲಗಿದ್ದರು. ಅಡಿವೆಪ್ಪ ಫೋನನ್ನು ಕಂಬದ ಗೂಟಕ್ಕೆ ಕಟ್ಟಿ ನಿಲ್ಲಿಸಿದ. ಕಂಬಳಿ ಮಡಚಿ ಪಕ್ಕಕ್ಕೆ ಇಟ್ಟ. ಎಲ್ಲರೂ ನೋಡಲಿ ಅಂತ ಬೆಳಕಿನಲ್ಲೇ ಕೂತು ಕಟ್ಟಿದ.

ಅವನು ಬಿಟ್ಟ ಆ ವಿಡಿಯೋವನ್ನು ಹತ್ತು ಲಕ್ಷ ಜನ ನೋಡಿದರು.

ಆಮೇಲೆ ಕೇಳಬೇಕೆ! ಒಂದು ಕಡೆ ಸನ್ಮಾನ, ಇನ್ನೊಂದು ಕಡೆ ಫೋನಿನ ಅಂಗಡಿಯ ಉದ್ಘಾಟನೆ. ಟಿವಿಯವರು ಕರೆದು ಹಾಡಿನ ಸ್ಪರ್ಧೆಗೆ ಅತಿಥಿಯಾಗಿ ಕೂರಿಸಿದರು. ಹಾಡಿಗೂ ಎಲುಬಿಗೂ ಏನು ಸಂಬಂಧವೋ, ಆ ಟಿವಿಯವರಿಗೇ ಗೊತ್ತು.

ಜ್ವರ ಬಿಟ್ಟು ಅಜ್ಜ ಹೊರಗೆ ಬರುವಷ್ಟರಲ್ಲಿ ಮಠದ ಕಟ್ಟೆಯ ತುಂಬ ಜನ. ಅಜ್ಜ ಮುಂದೆ ನಿಂತವನನ್ನು ಕೇಳಿದರು.

“ಏನು ಮುರದೈತಪಾ?”

“ಏನೂ ಮುರದಿಲ್ರಿ ಅಜ್ಜಾರ. ಈ ಅಡಿವೆಪ್ಪಣ್ಣಾರ ಜೋಡಿ ಒಂದು ಫೋಟೋ ಬೇಕಾಗಿತ್ತು.”

“ಇಂವ ಏನು ಮಾಡ್ತಾನ, ಗೊತ್ತೈತೇನು?”

ಅವನು ತಲೆ ಕೆರೆದುಕೊಂಡ. “ವಿಡಿಯೋದಾಗ ಬರ್ತಾರಲ್ರಿ!”

ಫೋಟೋ ತೆಗೆಯಲಿಕ್ಕೆ ಬೇರೆ ಯಾರೂ ಸಿಗದೆ ಫೋನನ್ನು ಅಜ್ಜನ ಕೈಗೇ ಕೊಟ್ಟ. ಅಜ್ಜ ಒತ್ತಿದರು. ಕೈ ನಡುಗಿ ಫೋಟೋ ಮಸುಕಾಯಿತು. “ಇನ್ನೊಂದು ಸಲ ಒತ್ತರಿ” ಅಂದ ಅವನು. ಕರ್ಮ ಕರ್ಮ!

ಎಲ್ಲರೂ ಹೋದ ಮೇಲೆ ಅಡಿವೆಪ್ಪ ಗುರುಗಳ ಹತ್ತಿರ ಬಂದು ಕುಸಿದು ಕೂತ.

“ನಕ್ಕೂ ನಕ್ಕೂ ದವಡಿ ನೋಯಾಕತ್ತಾವ್ರಿ ಅಜ್ಜಾರ.”

“ಯಾಕ ನಗ್ತಿ?”

“ನಗಲಿಲ್ಲಂದ್ರ ಸೊಕ್ಕು ಬಂತು ಅಂತಾರ್ರಿ.”

ಅಜ್ಜ ಹೊಳೆಯ ಕಡೆ ನೋಡುತ್ತ ಕೂತರು. ಅವರಿಗೂ ದಣಿವಾಗಿತ್ತು.

ಅಡಿವೆಪ್ಪ ಅಷ್ಟಕ್ಕೇ ಬಿಡಲಿಲ್ಲ. “ನಿಮಗೂ ಹೆಸರಿತ್ತಲ್ರಿ ಅಜ್ಜಾರ. ಮೂರು ಜಿಲ್ಲಾದಿಂದ ಮಂದಿ ಬರ್ತಿದ್ರು. ಇದೂ ಹಂಗಽ ಅಲ್ಲೇನ್ರಿ?”

“ಬರ್ತಿದ್ರಪಾ. ಬಂದು ನನ್ನನ್ನಽ ಕೇಳತಿದ್ರು, ‘ಯಜಮಾನ, ರಾಚಯ್ಯಜ್ಜಾರ ಮಠ ಎಲ್ಲೈತಿ’ ಅಂತ. ನನ್ನ ಮಾರಿ ಯಾರಿಗೂ ಗೊತ್ತಿರಲಿಲ್ಲ.”

“ಮತ್ತ ಹೆಸರು ಹೆಂಗ ಹಬ್ಬತು?”

“ಗುಣ ಆದಾಂವ ತನ್ನ ಕಾಲಿಲೆ ನಡಕೊಂಡು ಮುಂದಿನ ಊರಿಗೆ ಹೋಗಿ ಹೇಳಾಂವ. ಅವನ ಕಾಲು ಸೊಟ್ಟ ಆಗಿದ್ರ ನನ್ನ ಹೆಸರೂ ಅವನ ಹಿಂದಽ ಕುಂಟಬೇಕಾಗ್ತಿತ್ತು.” ಅಜ್ಜ ಆಕಳಿಸಿದರು. “ನಿನ್ನ ಹೆಸರಿಗೆ ಯಾರ ಕಾಲೂ ಬೇಕಾಗಿಲ್ಲ. ಪುಣ್ಯವಂತ.”

ಆ ‘ಪುಣ್ಯವಂತ’ ಹೊಗಳಿಕೆಯೋ ಬೈಗುಳವೋ, ಅಡಿವೆಪ್ಪನಿಗೆ ತಿಳಿಯಲಿಲ್ಲ. ಎದ್ದು ಹೋದ.

ಕೈ ಕಟ್ಟಿದ ಇಪ್ಪತ್ತನೆಯ ದಿನ ದುಂಡವ್ವ ಬಂದಳು. ಅವತ್ತೂ ಕಟ್ಟೆಯ ಮೇಲೆ ಐದಾರು ಜನ ಫೋನು ಹಿಡಿದು ಕಾಯುತ್ತಿದ್ದರು. ಅವಳು ಯಾರನ್ನೂ ನೋಡದೆ ನೆಟ್ಟಗೆ ಅಜ್ಜನ ಮುಂದೆ ಹೋಗಿ ಕೂತಳು. ಎರಡು ದಿನದ ಹಿಂದೆ ಮನೆಯಲ್ಲೇ ಕಟ್ಟು ಬಿಚ್ಚಿಕೊಂಡಿದ್ದ ಕೈ ಮುಂದೆ ಚಾಚಿದಳು.

“ಅಂಗೈ ಮಗಚಬೇಕಂದ್ರ ಮಗಚಂಗಿಲ್ರಿ ಅಜ್ಜಾರ. ಹಿಟ್ಟಿನ ಮ್ಯಾಲೆ ಸಮ ಬೀಳವಲ್ದು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕ. ಖಾನಾವಳಿಯವರು ನಾಳಿಂದ ಬೇರೆಯವರಿಗೆ ಹೇಳ್ತೀವಿ ಅಂದ್ರು.”

ಅಜ್ಜ ಅವಳ ಮಣಿಕಟ್ಟನ್ನು ತಮ್ಮ ಕಂಬಳಿಯೊಳಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಬೆರಳಿಗೆ ಒಳಗಿನ ಎಲುಬು ಸೊಟ್ಟ ಸಿಕ್ಕಿತು. ಮೇಲೆ ನೋಡಿದರೆ ಕೈ ಚಂದಾಗಿ ನೆಟ್ಟಗಿತ್ತು.

“ಅಡಿವೆಪ್ಪಾ, ಇದನ್ನ ಕಟ್ಟುವಾಗ ತಗದ ವಿಡಿಯೋ ಐತಲ್ಲ, ಹಚ್ಚು.”

ಅಡಿವೆಪ್ಪ ಹಚ್ಚಿದ. ಡೊಳ್ಳು, ಕೊಳಲು ಕೂಡಿದ ಭರ್ಜರಿ ಸಂಗೀತ. ಅದರ ನಡುವೆ ಅಡಿವೆಪ್ಪನ ಗಂಭೀರ ಮುಖ, ದುಂಡವ್ವನ ಕೈ. ಕಟ್ಟೆಯ ಮೇಲಿದ್ದವರು ಕತ್ತು ಚಾಚಿ “ಹಾ, ಇದಽ, ಇದಽ” ಅಂದರು.

ಅಜ್ಜ ಫೋನಿಗೆ ಮೂಗು ತಾಗಿಸಿ ನೋಡಿದರು. “ಈಕಿ ಬಾಯಿ ತಗದಾಳ. ಏನೋ ಅನ್ನಾಕತ್ತಾಳ. ಏನಂತಾಳ?”

“ನೋವಿಗೆ ಅಂದಿರಬೇಕ್ರಿ.”

“ಹಾಡು ತಗಿ. ಕೇಳೂಣು.”

“ಈ ವಿಡಿಯೋದಾಗ ತಗ್ಯಾಕ ಬರಂಗಿಲ್ರಿ.”

“ಹಾಡು ಹಾಕೂಕಿಂತ ಮೊದಲಿಂದು ಇರಬೇಕಲ್ಲ ನಿನ್ನ ಹತ್ರ.”

ಇತ್ತು. ಅಡಿವೆಪ್ಪನ ಬೆರಳು ಮೇಲೆ ಕೆಳಗೆ ಸುಮ್ಮನೆ ತಡವರಿಸಿತು. ಕಡೆಗೆ ಹಚ್ಚಿದ. ಕಟ್ಟೆಯ ಮೇಲೆ ದುಂಡವ್ವನ ದನಿ ಕೇಳಿಸಿತು.

“ಅಲ್ಲೋ ತಮ್ಮಾ, ಕುಂತಿಲ್ಲೋ ಅದು. ಒಳಗ ಕಟಕಟ ಅನ್ನಾಕತ್ತೈತಿ. ತಮ್ಮಾ, ಇತ್ತಾಗ ನೋಡೋ. ಅತ್ತಾಗ ಎಲ್ಲಿ ನೋಡ್ತಿ?”

ವಿಡಿಯೋದೊಳಗಿನ ಅಡಿವೆಪ್ಪ ಫೋನಿನ ಕಡೆ ನೋಡುತ್ತಿದ್ದ. ಈಗ ನೋಡಿದರೆ ಎಲ್ಲರಿಗೂ ಕಾಣುತ್ತಿತ್ತು.

ದುಂಡವ್ವ ಸಿಟ್ಟಿನಿಂದ ಅಲ್ಲ, ಸೋತವಳಂತೆ ಹೇಳಿದಳು. “ಮನ್ಯಾಗೂ ಹೇಳಿದೆ ತಮ್ಮಾ, ಕೈ ಸರಿ ಇಲ್ಲ ಅಂತ. ‘ಹತ್ತು ಲಕ್ಷ ಮಂದಿ ಚಲೋ ಅಂದಾರ, ನಿನಗೇನು ತಿಳಿತೈತಿ’ ಅಂದ್ರು. ನನಗೂ ಹೌದೇನೋ ಅನಿಸ್ತು.”

ಅಡಿವೆಪ್ಪ ಫೋನು ಕೆಳಗಿಟ್ಟ.

“ಅಜ್ಜಾರ, ಈಗ ಏನು ಮಾಡೂದ್ರಿ?”

“ನಿನಗೆ ಗೊತ್ತೈತಲ್ಲ.”

ಗೊತ್ತಿತ್ತು. ಕೂಡಿದ ಎಲುಬನ್ನು ಮತ್ತೆ ಮುರಿಯಬೇಕು. ಇನ್ನೊಂದು ವಾರ ತಡವಾದರೆ ಅದು ಮುರಿಯಲಿಕ್ಕೂ ಬಗ್ಗುವುದಿಲ್ಲ. ಆಮೇಲೆ ದುಂಡವ್ವ ರೊಟ್ಟಿಯ ಮಾತನ್ನೇ ಮರೆಯಬೇಕು.

“ನೀವಽ ಮಾಡ್ರಿ ಅಜ್ಜಾರ. ನನ್ನ ಕೈಲೆ ಆಗಂಗಿಲ್ಲ.”

ಅಜ್ಜ ಎರಡೂ ಕೈ ಎತ್ತಿ ತೋರಿಸಿದರು. ಗಾಳಿಗೆ ಎಲೆ ಅಲುಗಿದಂತೆ ಅಲುಗುತ್ತಿದ್ದವು.

ಅಡಿವೆಪ್ಪ ದನಿ ತಗ್ಗಿಸಿದ. “ಹಂಗಾರ ಇವರೆಲ್ಲ ಹೋಗಲ್ರಿ. ಆಮ್ಯಾಲೆ ಮಾಡ್ತೀನಿ.”

“ನನ್ನ ಯಾಕ ಕೇಳ್ತಿ? ಕೈ ಆಕಿದು.”

ಅಡಿವೆಪ್ಪ ದುಂಡವ್ವನ ಕಡೆ ತಿರುಗಿದ. ಅವಳು ಅವನನ್ನೇ ನೋಡುತ್ತಿದ್ದಳು. ಅವನಿಗೆ ಕೇಳುವ ಧೈರ್ಯ ಬರಲಿಲ್ಲ. ಕಟ್ಟೆಯ ಮೇಲಿದ್ದ ಒಬ್ಬ ಫೋನು ಎತ್ತಿ ಹಿಡಿದು, “ಅಣ್ಣಾರ, ಏನು ನಡದೈತ್ರಿ? ಲೈವ್ ಬಿಡಲೇನ್ರಿ?” ಅಂದ.

ಅಡಿವೆಪ್ಪ ಎದ್ದು ನಿಂತ.

“ಬಿಡಪಾ. ಈ ಅಕ್ಕನ ಕೈ ನಾನಽ ಕಟ್ಟಿದ್ದು. ಸೊಟ್ಟ ಕಟ್ಟೀನಿ. ಆಕಿ ಹೇಳಿದ್ಲು, ನಾ ಕೇಳಲಿಲ್ಲ. ಆಕಿ ಮಾತಿನ ಮ್ಯಾಲೆ ಹಾಡು ಹಾಕಿದೆ. ಈಗ ಮತ್ತ ಮುರಿದು ಕಟ್ಟತೀನಿ, ಆಕಿ ಒಪ್ಪಿದ್ರ.”

ಕಟ್ಟೆಯ ಮೇಲಿದ್ದವರೆಲ್ಲ ಫೋನು ಎತ್ತಿ ಹಿಡಿದರು.

ದುಂಡವ್ವ ಸೆರಗು ಬಾಯಿಗೆ ತುರುಕಿಕೊಳ್ಳುವ ಮೊದಲು ಅಂದಳು, “ಮುರಿ ತಮ್ಮಾ. ಹಂಗಽ ಬಿಟ್ರ ನಾ ಏನು ಮಾಡಲಿ ಇದನ್ನ?”

ಅಜ್ಜ ತಾವು ಹೊದ್ದ ಕಂಬಳಿ ತೆಗೆದು ಅವಳ ಕೈ ಮೇಲೆ ಹಾಕಿದರು. ಅಡಿವೆಪ್ಪ ಕೈ ಒಳಗೆ ಹಾಕಿ ಕಣ್ಣು ಮುಚ್ಚಿದ. ಒಂದು ಸಣ್ಣ ಸದ್ದು ಬಂತು. ಆಮೇಲೆ ಬಾಯಿಂದ ಸೆರಗು ಜಾರಿ ದುಂಡವ್ವ ಕೂಗಿದ ಕೂಗು ಹೊಳೆಯ ಆಚೆ ದಂಡೆಗೂ ಕೇಳಿಸಿರಬೇಕು. ಅಡಿವೆಪ್ಪನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೂ ಅವನು ಕಣ್ಣು ತೆರೆಯಲಿಲ್ಲ.

“ಕುಂತಿತೇನಕ್ಕಾ?”

“ಇಲ್ಲ.”

“ಈಗ?”

“ಇನ್ನೂ ಒಂಚೂರು... ಹಾಂ. ಹಾಂ, ಈಗ ಕುಂತಿತು.”

ಅವನು ಕಣ್ಣು ತೆರೆದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬರೀ ಕಂಬಳಿಯನ್ನು ಎಷ್ಟು ಹೊತ್ತು ಫೋನಿನಲ್ಲಿ ಹಿಡಿಯುತ್ತಾರೆ ಪಾಪ, ಅದರಲ್ಲಿ ನೋಡುವಂಥದ್ದು ಏನಿದೆ? ಆದರೆ ಅವನ ಮಾತಂತೂ ಅಷ್ಟರಲ್ಲಿ ಊರೂರು ತಿರುಗಿತ್ತು.

ಸಂಜೆಯ ಹೊತ್ತಿಗೆ ಅಡಿವೆಪ್ಪನ ಫೋನು ಒಂದೇ ಸಮ ಗುಂಯ್‌ಗುಟ್ಟಿತು. ಕಳ್ಳ ವೈದ್ಯ, ಹೆಂಗಸಿನ ಕೈ ಮುರಿದವ, ಇವನನ್ನು ಒಳಗೆ ಹಾಕಿಸಿ. ನಿನ್ನೆ ಹಾರ ಹಾಕಿದವರೇ ಬರೆದಿದ್ದರು. ಅವನು ಎಲ್ಲವನ್ನೂ ಓದಿದ, ಒಂದನ್ನೂ ಬಿಡದೆ. ಓದಿ ಮುಗಿದ ಮೇಲೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ಹತ್ತಿರ ಹೋದ.

“ಅಜ್ಜಾರ, ಅವತ್ತು ದೇವರು ಅಂದವರೂ ನನ್ನ ಕಂಡಿರಲಿಲ್ಲ, ಇವತ್ತು ಕಳ್ಳ ಅನ್ನೋರೂ ಕಂಡಿಲ್ಲ. ಇದರಾಗ ನನ್ನ ಹೆಸರು ಯಾವುದ್ರಿ?”

ಅಜ್ಜ ಮೆಟ್ಟಿಲು ಹತ್ತಲಿಕ್ಕೆ ಅಡಿವೆಪ್ಪನ ಹೆಗಲು ಹಿಡಿದು ಮೆಲ್ಲಗೆ ಎದ್ದರು.

“ದುಂಡವ್ವ ಮತ್ತ ರೊಟ್ಟಿ ಬಡದ ದಿನ ಆಕಿ ಬಾಗಲಕ್ಕ ಹೋಗಿ ನಿಂತು ಒಂದು ರೊಟ್ಟಿ ಕೇಳು. ಆಕಿ ಏನಂತ ಕರಿತಾಳೋ, ಅದಽ ನಿನ್ನ ಹೆಸರು.”